ಒಣ ಜಾಗದಲ್ಲಿಡಿ

ಮಕ್ಕಳ ಆಹಾರದ ಪೊಟ್ಟಣದ ಮೇಲೆ ‘ತಂಪಾದ, ಒಣ ಜಾಗದಲ್ಲಿಡಿ’ ಎಂದು ಬರೆದ ಪುಣ್ಯಾತ್ಮ ಆಷಾಢದಲ್ಲಿ ಮಲ್ಲಂದೂರಿಗೆ ಬಂದವನಲ್ಲ. ತಂಪಿಗೇನೋ ಬರವಿಲ್ಲ. ಒಣ ಜಾಗ ಎಲ್ಲಿಂದ ತರೋಣ? ಬೆಲ್ಟು, ಚಪ್ಪಲಿ, ಮದುವೆ ಫೋಟೋದಲ್ಲಿನ ನನ್ನ ಮುಖ, ಎಲ್ಲಕ್ಕೂ ಬೂಸ್ಟು. ಇದ್ದ ಒಂದೇ ಒಣ ಜಾಗ ಒಲೆಯ ಮೇಲಿನ ಅಟ್ಟ. ಅಲ್ಲಿ ನನ್ನವಳ ಕಾಳುಮೆಣಸು, ವಾಟೆಹುಳಿಗಳದ್ದೇ ದರ್ಬಾರು.

ಮೊಮ್ಮಗಳಿಗೆ ಆರು ತಿಂಗಳು ತುಂಬಿತು. ಹುಟ್ಟುವಾಗ ತಂದ ಕಬ್ಬಿಣದ ದಾಸ್ತಾನು ಈ ಹೊತ್ತಿಗೆ ಕರಗುತ್ತದೆ, ಎದೆಹಾಲಿನ ಜೊತೆಗೆ ಬೇರೆ ಆಹಾರವೂ ಬೇಕು ಎಂದಳು ಮಗಳು. ನನ್ನವಳದು ರಾಗಿ ಸರಿಯ ಪಕ್ಷ. ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ಹುರಿದು, ಬೀಸಿ, ತೆಳು ಬಟ್ಟೆಯಲ್ಲಿ ಜಾಲಿಸಿದ ಆ ಹಿಟ್ಟಿಗೆ ಸಾಟಿಯಿಲ್ಲ, ನಾನೂ ಒಪ್ಪುತ್ತೇನೆ. ಆದರೆ ಜುಲೈನಲ್ಲಿ ರಾಗಿ ಮೊಳೆಯುತ್ತದೆ, ಒಣಗುವುದಿಲ್ಲ. ಹೀಗಾಗಿ ಸೆರೆಲ್ಯಾಕ್ ಗೆದ್ದಿತು.

ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರಲ್ಲಿ ಪುಡಿ ಕಲಸಿದರೆ ಮುಗಿಯಿತು. ಹಾಲಿನ ಪುಡಿ, ಕಬ್ಬಿಣ, ವಿಟಮಿನ್ನು ಎಲ್ಲ ಅದರಲ್ಲೇ ಇವೆ. “ಹಾಲಿಗೆ ನೀರು ಹಾಕೋರನ್ನ ನೋಡಿದ್ದೆ. ನೀರನ್ನೇ ಹಾಲು ಅನ್ನೋರನ್ನ ಈಗ ನೋಡಿದೆ” ಎಂದಳು ನನ್ನವಳು.

ಪೊಟ್ಟಣ ಎಲ್ಲಿಡುವುದು? ಅಟ್ಟದಲ್ಲಿ ಹೊಗೆ ವಾಸನೆ. ಫ್ರಿಜ್ಜಿನಿಂದ ಈಚೆ ತೆಗೆದರೆ ಬೆವರಿ ಗಂಟು ಕಟ್ಟುತ್ತದೆ. ಕೊನೆಗೆ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯೇ ಗತಿಯಾಯಿತು. ಪಾರ್ಚ್‌ಮೆಂಟ್ ಕಾಫಿ ಶೇ. 10ರ ತೇವಕ್ಕೆ ಇಳಿಯುವ ತನಕ ಕಣದಲ್ಲಿ ಕೆರೆದು ಕೆರೆದು ಒಣಗಿಸುವ ಜನ ನಾವು. ಡಬ್ಬಿಗೆ ಮಾತ್ರ ಒದ್ದೆ ಚಮಚ ಇಳಿಸುತ್ತೇವೆ! ಕಾಫಿಗಿರುವ ಮರ್ಯಾದೆ ಕೂಸಿಗಿಲ್ಲ.

ಬಟ್ಟಲಲ್ಲಿ ಮಿಕ್ಕಿದ್ದನ್ನು ಮತ್ತೆ ತಿನ್ನಿಸಬಾರದು, ಚೆಲ್ಲಬೇಕು ಎಂಬುದು ಮಗಳ ಕಾನೂನು. ಅನ್ನ ಚೆಲ್ಲಬಾರದು ಎಂಬುದು ನನ್ನವಳದು. ಎರಡನ್ನೂ ಪಾಲಿಸಲು ಮನೆಯಲ್ಲಿರುವವನು ನಾನೊಬ್ಬನೇ. ಕೂಸು ಮೂರು ಚಮಚಕ್ಕೆ ಮುಖ ತಿರುಗಿಸುತ್ತದೆ; ಉಳಿದ ಕಬ್ಬಿಣವೆಲ್ಲ ನನಗೆ.

ಎರಡು ವರ್ಷದೊಳಗಿನ ಮಕ್ಕಳ ಇಂಥ ಆಹಾರಕ್ಕೆ ಜಾಹೀರಾತು ಕೂಡದೆಂದು 1992ರ ಕಾಯ್ದೆಗೆ 2003ರಲ್ಲಿ ತಂದ ತಿದ್ದುಪಡಿ ಹೇಳುತ್ತದೆ. ಕಂಪನಿಗಳಿಗೇನು ನಷ್ಟ? ನಮ್ಮ ನೆಂಟರಿದ್ದಾರಲ್ಲ! ನೋಡಲು ಬಂದವರೆಲ್ಲ ಒಂದೊಂದು ಡಬ್ಬಿ ಹಿಡಿದೇ ಬರುತ್ತಾರೆ, ಅದೂ ದೊಡ್ಡದು. ಒಡೆದ ಮೇಲೆ ತಿಂಗಳೊಳಗೆ ಮುಗಿಯಬೇಕು. ಮೂರು ಚಮಚದ ಗಿರಾಕಿಯಿಂದ ಅದಾಗುವ ಕೆಲಸವೇ?

ಆದ್ದರಿಂದ ಮಳೆಗಾಲದಲ್ಲಿ ಕೂಸು ನೋಡಲು ನಮ್ಮ ಕಡೆ ಬರುವವರಲ್ಲಿ ಅರಿಕೆ: ಚಿಕ್ಕ ಪೊಟ್ಟಣ ಸಾಕು. ಬರಿಗೈಯಲ್ಲಿ ಬರಲು ಸಂಕೋಚವಾದರೆ ಒಂದು ಹೊರೆ ಒಣಸೌದೆ ತನ್ನಿ.