ಕೇಳಿಸಿಕೊಳ್ಳುವ ಫೋನು, ಹೇಳಿಕೊಳ್ಳುವ ಪೇಟೆ

ಬೆಂಗಳೂರಿನ ಮಾಮೂಲ್‌ಪೇಟೆಯಲ್ಲಿ ಗುಟ್ಟು ಹೇಳಬೇಕೆಂದರೂ ಕೂಗಿಯೇ ಹೇಳಬೇಕು. ಹೊರಗೆ ಮೂಟೆ ಹೊತ್ತವನು ‘ಸೈಡ್, ಸೈಡ್’ ಎನ್ನುತ್ತಿರುತ್ತಾನೆ, ಸ್ಕೂಟರಿನ ಹಾರನ್ನು ಗಲ್ಲಾಪೆಟ್ಟಿಗೆಯವರೆಗೂ ಬಂದಿರುತ್ತದೆ, ಅಂಗಡಿಗೂ ಅಂಗಡಿಗೂ ನಡುವೆ ಇರುವುದು ಒಂದೇ ಒಂದು ಹಲಗೆ. ಇಂಥ ಕಡೆ ಸಗಟು ವ್ಯಾಪಾರದ ಯಜಮಾನರೊಬ್ಬರು ಈಚೆಗೆ ಫೋನನ್ನು ಬಿಲ್‌ಬುಕ್ಕಿನ ಕೆಳಗೆ ಮುಚ್ಚಿಟ್ಟು ಮಾತಾಡತೊಡಗಿದ್ದಾರೆ.

“ಅದು ಕೇಳಿಸ್ಕೊಳ್ತದೆ ಸಾರ್. ಬೆಳಗ್ಗೆ ಮನೇಲಿ ಮಂಡಿನೋವು ಅಂದೆ, ಮಧ್ಯಾಹ್ನ ಎಣ್ಣೆ ಜಾಹೀರಾತು ಬಂತು.”

“ನಂಗೂ ಹಂಗೇ ಆಯ್ತು” ಎಂದು ಹಲಗೆಯಾಚೆಯಿಂದ ಪಕ್ಕದಂಗಡಿಯವರ ದನಿ. ಅವರು ಕೇಳಿಸಿಕೊಂಡದ್ದಕ್ಕೆ ಯಜಮಾನರ ಆಕ್ಷೇಪವೇನೂ ಇಲ್ಲ.

ಈ ಅನುಮಾನ ಪೇಟೆಯವರದ್ದಷ್ಟೇ ಅಲ್ಲ. 2018ರ ಏಪ್ರಿಲ್‌ನಲ್ಲಿ ಅಮೆರಿಕದ ಸೆನೆಟ್ ಸದಸ್ಯ ಗ್ಯಾರಿ ಪೀಟರ್ಸ್, ಫೇಸ್‌ಬುಕ್ಕಿನ ಮಾರ್ಕ್ ಜುಕರ್‌ಬರ್ಗ್ ಅವರಿಗೆ ಇದನ್ನೇ ಕೇಳಿದರು: ಫೋನಿನ ಮೈಕಿನಿಂದ ಜನರ ಮಾತು ಕದಿಯುತ್ತೀರಾ, ಹೌದೋ ಇಲ್ಲವೋ? ಇಲ್ಲ ಎಂದರು ಜುಕರ್‌ಬರ್ಗ್. ಅಂಗಡಿಯವನೇ ‘ನನ್ನ ತಕ್ಕಡಿ ಸರಿಯಿದೆ’ ಎಂದರೆ ನಂಬುವ ಗಿರಾಕಿ ಈ ಪೇಟೆಯಲ್ಲಂತೂ ಇಲ್ಲ. ಆದ್ದರಿಂದ ಅದೇ ವರ್ಷ ಬಾಸ್ಟನ್ನಿನ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರು ಮಾಡಿದ ಪರೀಕ್ಷೆಯನ್ನು ನೋಡುವುದು ವಾಸಿ. ಅವರು 17,260 ಆಂಡ್ರಾಯ್ಡ್ ಆ್ಯಪ್‌ಗಳನ್ನು ಜಾಲಾಡಿದರು. ಗುಟ್ಟಾಗಿ ಮೈಕ್ ಚಾಲೂ ಮಾಡಿ ಮಾತು ಸಾಗಿಸುತ್ತಿದ್ದ ಆ್ಯಪ್ ಒಂದೂ ಸಿಗಲಿಲ್ಲ. ಬದಲಿಗೆ, ಬಳಕೆದಾರ ಪರದೆಯ ಮೇಲೆ ಮಾಡುವುದನ್ನೆಲ್ಲ ಚಿತ್ರೀಕರಿಸಿ ಮೂರನೆಯವರಿಗೆ ಕಳಿಸುತ್ತಿದ್ದ ಆ್ಯಪ್ ಸಿಕ್ಕಿತು. ಕಿವಿ ಹುಡುಕಲು ಹೋದವರಿಗೆ ಕಣ್ಣು ಸಿಕ್ಕಿತು!

ಹಾಗೆಂದು ಯಜಮಾನರ ಅನುಮಾನ ಪೂರ್ತಿ ಸುಳ್ಳೆಂದೂ ಅಲ್ಲ. ಆಪಲ್ ಕಂಪನಿಯ ‘ಸಿರಿ’ ಯಾರೂ ಕರೆಯದೆಯೇ ಓಗೊಟ್ಟು, ಹಾಗೆ ದಾಖಲಾದ ಮಾತುಗಳನ್ನು ಗುತ್ತಿಗೆ ನೌಕರರು ಕೂತು ಕೇಳುತ್ತಿದ್ದ ಸುದ್ದಿ 2019ರಲ್ಲಿ ಹೊರಬಿತ್ತು. ಅದರ ಮೇಲೆ ಹೂಡಿದ ದಾವೆಯನ್ನು ಮುಗಿಸಲು ಆಪಲ್, ತಪ್ಪೊಪ್ಪಿಕೊಳ್ಳದೆಯೇ, 9.5 ಕೋಟಿ ಡಾಲರ್ ಕೊಡಲು ಒಪ್ಪಿತು. ತಪ್ಪಿಲ್ಲದವರು ಇಷ್ಟು ದುಡ್ಡು ಬಿಚ್ಚುವುದು ಸಗಟು ವ್ಯಾಪಾರದಲ್ಲಿ ಕಂಡರಿಯದ ಸಂಗತಿ.

ಆದರೂ ಮಂಡಿನೋವಿನ ಎಣ್ಣೆಗೆ ಇಷ್ಟೆಲ್ಲ ಬೇಕಿಲ್ಲ. ಹಿಂದಿನ ರಾತ್ರಿ ಯಜಮಾನರ ಮನೆಯವರೇ ಅದೇ ವೈಫೈನಲ್ಲಿ ‘ಮಂಡಿನೋವಿಗೆ ಮನೆಮದ್ದು’ ಎಂದು ಹುಡುಕಿದ್ದರೆ ಸಾಕು. ಒಂದೇ ಮನೆಯ ಸಂಪರ್ಕ, ಅರವತ್ತು ದಾಟಿದ ವಯಸ್ಸು, ಬೆಳಗ್ಗೆ ಮೂಳೆ ಡಾಕ್ಟರ ಕ್ಲಿನಿಕ್ಕಿನಲ್ಲಿ ಇದ್ದ ಫೋನು: ಇಷ್ಟನ್ನು ಕೂಡಿಸಿ ಲೆಕ್ಕ ಹಾಕಲು ಕಿವಿಯ ಅಗತ್ಯವೇ ಇಲ್ಲ. ಇಡೀ ಊರಿನ ಮಾತನ್ನು ದಿನವಿಡೀ ಮುದ್ರಿಸಿ ಕಳಿಸುತ್ತ ಹೋದರೆ ಬ್ಯಾಟರಿಯೂ ಡೇಟಾವೂ ಬೇಗ ಖರ್ಚಾಗುತ್ತವೆ. ಮೇಲಾಗಿ, ಆ ದಿನ ಬಂದ ಉಳಿದ ಜಾಹೀರಾತುಗಳು — ಟ್ರಾಕ್ಟರ್ ಸಾಲ, ದುಬೈ ಫ್ಲಾಟು, ಕೂದಲು ನಾಟಿ — ಯಜಮಾನರಿಗೆ ನೆನಪೇ ಇಲ್ಲ.

ಗುಟ್ಟು ಕಾಪಾಡುವುದು ವ್ಯಾಪಾರಕ್ಕೆ ಹೊಸದೇನಲ್ಲ. ದೊಡ್ಡಬಳ್ಳಾಪುರದ ಹತ್ತಿರ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋದವರಿಗೆ ಗೊತ್ತು, ಟವೆಲ್ಲಿನ ಕೆಳಗೆ ಬೆರಳು ಹಿಡಿದು ಎತ್ತಿನ ಬೆಲೆ ಮಾತಾಡುವ ಪದ್ಧತಿ. ಸುತ್ತ ಹತ್ತು ಜನ ನಿಂತಿದ್ದರೂ ದರ ಗೊತ್ತಾಗುವುದು ಎರಡು ಕೈಗಳಿಗೆ ಮಾತ್ರ. ವಾಟ್ಸ್ಆ್ಯಪ್ ತನ್ನ ಮಾತುಕತೆಗಳಿಗೆಲ್ಲ ಇಂಥದೊಂದು ಟವೆಲ್ಲು ಹೊದಿಸಿದ್ದು 2016ರಲ್ಲಿ.

ಫೋನು ಬಂದ ಮೇಲೆಯೇ ಮಾನ ಹರಾಜಾದದ್ದು. ಕನೆಕ್ಷನ್ನಿಗೆ ವರ್ಷಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ ವಿಸಿಟಿಂಗ್ ಕಾರ್ಡಿನ ಮೇಲೆ ಪಕ್ಕದ ಮನೆಯವರ ನಂಬರು, ಅದರ ಮುಂದೆ ‘ಪಿ.ಪಿ.’ ಎಂದು ಬರೆದಿರುತ್ತಿತ್ತು. ಹೆಣ್ಣು ನೋಡಲು ಬರುವವರ ಸುದ್ದಿ ಹೆಣ್ಣಿನ ಮನೆಗಿಂತ ಮೊದಲು ಪಕ್ಕದ ಮನೆಗೆ ತಲುಪುತ್ತಿತ್ತು. ಅದರ ಮುಂದಿನ ಹಂತವನ್ನು ಸರಕಾರಗಳು ನೋಡಿಕೊಂಡವು. ರಾಜ್ಯದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು 1988ರ ಆಗಸ್ಟ್‌ನಲ್ಲಿ ಕುರ್ಚಿ ಬಿಟ್ಟದ್ದು ದೂರವಾಣಿ ಕದ್ದಾಲಿಕೆಯ ಹಗರಣದಲ್ಲಿ. ಮೂರು ದಶಕ ಕಳೆದ ಮೇಲೆ, 2019ರ ಆಗಸ್ಟ್‌ನಲ್ಲಿ, ಹಿಂದಿನ ಸಮ್ಮಿಶ್ರ ಸರಕಾರದ ಕಾಲದಲ್ಲಿ ಫೋನುಗಳಿಗೆ ಕಿವಿಗೊಡಲಾಗಿತ್ತು ಎಂಬ ಆರೋಪವನ್ನು ಯಡಿಯೂರಪ್ಪನವರ ಸರಕಾರ ಸಿಬಿಐಗೆ ಒಪ್ಪಿಸಿತು. 2021ರಲ್ಲಿ ಫೋನಿಗೆ ನುಸುಳುವ ಪೆಗಾಸಸ್ ಗೂಢಚಾರಿ ತಂತ್ರಾಂಶದ ಸುದ್ದಿ ಸ್ಫೋಟಗೊಂಡಾಗ, ಗುರಿಯಾಗಿರಬಹುದಾದ ನಂಬರುಗಳ ಪಟ್ಟಿಯಲ್ಲಿ ಜಿ. ಪರಮೇಶ್ವರ ಅವರದೂ, ಸಿದ್ದರಾಮಯ್ಯ ಹಾಗೂ ಕುಮಾರಸ್ವಾಮಿ ಇಬ್ಬರ ಆಪ್ತ ಕಾರ್ಯದರ್ಶಿಗಳದೂ ಇವೆಯೆಂದು ವರದಿಯಾಯಿತು. ಪಕ್ಷಭೇದವಿಲ್ಲದ ಇಷ್ಟು ಆಸಕ್ತಿಯ ಕಿವಿ ವಿಧಾನಸೌಧದ ಕಲಾಪದಲ್ಲಂತೂ ಕಾಣುವುದಿಲ್ಲ.

ಖಾಸಗಿತನದ ಮಟ್ಟಿಗೆ ಬೆಂಗಳೂರು ಎರಡೂ ತಟ್ಟೆಗಳಲ್ಲಿ ತೂಕ ಇಟ್ಟ ಊರು. ಆಧಾರ್ ಪ್ರಾಧಿಕಾರದ ಮೊದಲ ಅಧ್ಯಕ್ಷರಾಗಿ ದೇಶದ ಬೆರಳಚ್ಚು ಕೇಳಿದ ನಂದನ್ ನಿಲೇಕಣಿ ಇಲ್ಲಿಯವರು. ಯಾಕೆ ಕೊಡಬೇಕೆಂದು 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ ಕೆ.ಎಸ್. ಪುಟ್ಟಸ್ವಾಮಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ, ಅವರೂ ಇಲ್ಲಿಯವರೇ. ಆಗ ಅವರಿಗೆ 86. ಆ ವಯಸ್ಸಿನಲ್ಲಿ ಬಹಳಷ್ಟು ಜನ ಪಿಂಚಣಿಗಾಗಿ ಬ್ಯಾಂಕಿನ ಮೆಟ್ಟಿಲು ಹತ್ತುವುದೇ ಕಷ್ಟ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕೆಂದರು. ಮರುವರ್ಷ ಬಂದ ಇನ್ನೊಂದು ತೀರ್ಪು ಆಧಾರನ್ನು ಉಳಿಸಿತಾದರೂ, ಖಾಸಗಿ ಕಂಪನಿಗಳು ಅದನ್ನು ಕಡ್ಡಾಯವಾಗಿ ಕೇಳುವ ದಾರಿಯನ್ನು ಮುಚ್ಚಿತು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ, 98ರ ವಯಸ್ಸಿನಲ್ಲಿ ತೀರಿಕೊಂಡರು.

ಮುಚ್ಚಿದ ದಾರಿಯಲ್ಲಿ ಜೆರಾಕ್ಸ್ ಯಂತ್ರ ಮಾತ್ರ ನಿಂತಿಲ್ಲ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ, ಕಾರ್ಡಿನ ಜೆರಾಕ್ಸ್ ಯಾರಿಗೂ ಕೊಡಬೇಡಿ, ದುರುಪಯೋಗವಾದೀತು ಎಂದು ಪ್ರಕಟಣೆ ಹೊರಡಿಸಿತು. ಜನ ಅದನ್ನು ನಂಬಿ ಗಾಬರಿಯಾದರು. ಎರಡೇ ದಿನದಲ್ಲಿ, ತಪ್ಪಾಗಿ ಅರ್ಥವಾಗಬಹುದೆಂಬ ಕಾರಣ ಕೊಟ್ಟು ದೆಹಲಿ ಅದನ್ನು ವಾಪಸು ಪಡೆಯಿತು. ನಿಜ ಹೇಳಿ ಸಿಕ್ಕಿಬಿದ್ದ ಸರಕಾರಿ ಕಚೇರಿ ಅಪರೂಪ.

ಮರು ಮೇ ತಿಂಗಳಲ್ಲಿ, 2023ರಲ್ಲಿ, ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೂ ಒಂದು ಸೂಚನೆ ಕೊಟ್ಟಿತು: ಬಿಲ್ ಮಾಡಲು ಗಿರಾಕಿಯ ಮೊಬೈಲ್ ನಂಬರಿಗೆ ಅಂಗಡಿಯವರು ಒತ್ತಾಯಿಸಬಾರದು. ಆ ಸೂಚನೆ ಪೇಟೆಯ ಸಂದುಗಳಲ್ಲಿ ಇನ್ನೂ ದಾರಿ ಹುಡುಕುತ್ತಿದೆ. ಹತ್ತಿರದ ಎಸ್.ಪಿ. ರಸ್ತೆಯ ಮೊಬೈಲ್ ಅಂಗಡಿಯೊಂದಕ್ಕೆ ಹಿರಿಯರೊಬ್ಬರು ಬಂದು, “ಇದರ ಕಿವಿ ಮುಚ್ಚಿಕೊಡಪ್ಪ” ಎಂದರು. ಹುಡುಗ ಸೆಟ್ಟಿಂಗ್ಸ್ ತೆರೆದು, ಯಾವ ಯಾವ ಆ್ಯಪ್‌ಗೆ ಮೈಕ್ ಅನುಮತಿ ಇದೆಯೆಂದು ಓದುತ್ತ ಹೋದ. ಟಾರ್ಚಿಗಿತ್ತು. ಪಂಚಾಂಗಕ್ಕೂ ಇತ್ತು.

“ಪಂಚಾಂಗಕ್ಕೆ ಮೈಕ್ ಯಾಕೋ?”

“ನೀವೇ ಓಕೆ ಒತ್ತಿದೀರ ತಾತ.”

ಒಂದೊಂದನ್ನೂ ಕಿತ್ತುಹಾಕಿ, ಮೈಕ್ ಚಾಲೂ ಆದರೆ ಪರದೆಯ ಮೂಲೆಯಲ್ಲಿ ಹಸಿರು ಚುಕ್ಕಿ ಬರುತ್ತದೆಂದು ತೋರಿಸಿಕೊಟ್ಟು, ಹೊಸ ಕವರ್ ತೊಡಿಸಿ, ಹುಡುಗ ಬಿಲ್ಲಿಗೆಂದು ನಂಬರ್ ಕೇಳಿದ. ಹಿರಿಯರು ಹತ್ತೂ ಅಂಕಿಗಳನ್ನು ಗಟ್ಟಿಯಾಗಿ ಹೇಳಿದರು. ಗದ್ದಲದಲ್ಲಿ ಕೊನೆಯ ಮೂರು ಹುಡುಗನಿಗೆ ಕೇಳಿಸಲಿಲ್ಲ. ಹಿಂದೆ ಕಾಯುತ್ತಿದ್ದ ಗಿರಾಕಿ ಹೇಳಿಕೊಟ್ಟರು.