ಛತ್ರಿ ಪ್ರಮಾಣ

ಹೊಯ್ಸಳರ ಕಾಲದ ರೂವಾರಿಗಳಿಗೆ ಸಂಕೋಚವೆಂಬುದು ತಿಳಿದಿರಲಿಲ್ಲ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಬೇಲೂರಿನ ದೇಗುಲದಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ಮದನಿಕೆಯರ ಪೀಠಗಳಲ್ಲಿ ತಮ್ಮ ಹೆಸರುಗಳನ್ನು ಕೊರೆದುಕೊಂಡರು; ಸೋಮನಾಥಪುರದ ಮಲ್ಲಿತಮ್ಮನಂತೂ ವಿಗ್ರಹದಿಂದ ವಿಗ್ರಹಕ್ಕೆ ಹೆಸರು ಹಾಕುತ್ತ ಹಾಕುತ್ತ, ಕೈ ಸೋತೋ ಖ್ಯಾತಿ ಸಾಕೆನಿಸಿಯೋ, ಕೆಲವೆಡೆ ‘ಮಲ್ಲಿ’ ಎಂದೂ ಕೆಲವೆಡೆ ಬರಿಯ ‘ಮ’ ಎಂದೂ ಮುಗಿಸಿದ್ದಾನೆ. ಇಂಥ ನಿಸ್ಸಂಕೋಚಿಗಳ ಅಂಕಿತಗಳನ್ನು ಕುರಿತೇ ಯೌವನವನ್ನೆಲ್ಲ ವ್ಯಯಮಾಡಿ ಗ್ರಂಥವೊಂದನ್ನು ರಚಿಸಿ, ಅದನ್ನು ವಿದ್ವತ್ಪ್ರಕಾಶನ ಸಂಸ್ಥೆಯೊಂದಕ್ಕೆ ಒಪ್ಪಿಸಹೋದ ನನಗೆ ದೊರೆತ ಪ್ರಥಮಾಜ್ಞೆ ಏನೆಂದರೆ, ಹಸ್ತಪ್ರತಿಯ ಯಾವ ಮೂಲೆಯಲ್ಲಿಯೂ ಗ್ರಂಥಕರ್ತನ ಹೆಸರಾಗಲಿ ಕುರುಹಾಗಲಿ ಇರತಕ್ಕದ್ದಲ್ಲ ಎಂಬುದು. ನಾನಾರೆಂದು ಪರೀಕ್ಷಕರಿಗೆ ತಿಳಿಯಕೂಡದು. ಪರೀಕ್ಷಕರಾರೆಂದು ನನಗೆ ತಿಳಿಯಕೂಡದು. ವಧೂವರರ ನಡುವೆ ಅಂತರಪಟ ಹಿಡಿದು, ಅದನ್ನು ಕಡೆಯವರೆಗೂ ಸರಿಸದೆಯೇ ಲಗ್ನವನ್ನು ಮುಗಿಸುವ ಪದ್ಧತಿ ಇದು.

ಗ್ರಂಥದ ವಿಷಯವನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ. ನಾಲ್ಕು ಮಾತಿನದನ್ನು ನಾನೂರು ಪುಟಕ್ಕೆ ಹಿಗ್ಗಿಸಿದನೆಂಬ ಅಪವಾದಕ್ಕೆ ಹೆದರುವ ವಯಸ್ಸು ನನ್ನದಲ್ಲ. ಅಮೃತಾಪುರದ ದೇಗುಲ 1196ರದು, ನುಗ್ಗಿಹಳ್ಳಿಯದು 1246ರದು, ಸೋಮನಾಥಪುರದ ಕೇಶವ ದೇಗುಲ 1258ರದು, ಮೂರೆಡೆಯೂ ಮಲ್ಲಿತಮ್ಮನ ಹೆಸರು ಕೇಳಿಬರುತ್ತದೆ. ಮೊದಲಿನಿಂದ ಕಡೆಗೆ 62 ವರ್ಷ. ಅಷ್ಟು ಕಾಲ ಒಬ್ಬನೇ ಮನುಷ್ಯನು ಉಳಿ ಹಿಡಿದಿದ್ದನೆ? ಹಿಡಿದಿದ್ದನು, ಬಳಪದ ಕಲ್ಲು ಗಣಿಯಿಂದ ಬಂದ ಹೊಸದರಲ್ಲಿ ಮೃದುವಾಗಿದ್ದು ವೃದ್ಧನ ಕೈಗೂ ಒಗ್ಗುತ್ತದೆ ಎಂಬುದು ನನ್ನ ಸಿದ್ಧಾಂತ. ಅಲ್ಲ, ಒಂದೇ ಹೆಸರಿನವರು ಇಬ್ಬರಿದ್ದಿರಬೇಕು ಎಂಬುದು ನನ್ನ ಮಿತ್ರರೊಬ್ಬರ ಸಿದ್ಧಾಂತ. ಗೋಷ್ಠಿಗಳ ಊಟದ ಪಂಕ್ತಿಯಲ್ಲಿ ನಮ್ಮಿಬ್ಬರ ಎಲೆಗಳ ನಡುವೆ ಕಲಾಚರಿತ್ರೆಯ ಗಂಧವಿಲ್ಲದ ಸಜ್ಜನರೊಬ್ಬರನ್ನು ಕೂರಿಸುವುದು ವ್ಯವಸ್ಥಾಪಕರ ರೂಢಿ.

ಟಿಪ್ಪಣಿಗಳ ಪಾಡನ್ನು ಹೇಳದಿರುವುದೇ ಲೇಸು. ರೈಸ್ ಸಾಹೇಬರ ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ಒಂದು ಶಾಸನಕ್ಕೆ ಒಂದು ಸಂಖ್ಯೆಯಾದರೆ ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಸಂಪುಟಗಳಲ್ಲಿ ಅದಕ್ಕೇ ಮತ್ತೊಂದು, ನಾನು ಯಾವುದನ್ನು ಕೊಟ್ಟಿದ್ದೆನೋ ಸಂಪಾದಕರು ಅದಲ್ಲದುದನ್ನು ಕೇಳುವರು. ಚಿತ್ರಗಳು ಅಂಗುಲಕ್ಕೆ 300 ಬಿಂದುಗಳಂತೆ ಇರಬೇಕೆಂಬುದು ಮತ್ತೊಂದು ವಿಧಿ. ಆರ್. ನರಸಿಂಹಾಚಾರ್ಯರು 1917ರಲ್ಲಿ ಸೋಮನಾಥಪುರದ ಮೇಲೆ ಪುಸ್ತಕವನ್ನು ಹೊರತಂದಾಗ ಅವರನ್ನು ಯಾರೂ ಬಿಂದುಗಳ ಲೆಕ್ಕ ಕೇಳಿರಲಾರರೆಂದು ನೆನೆದು ಹೊಟ್ಟೆಕಿಚ್ಚುಪಟ್ಟೆ. ಹೆಸರನ್ನು ಅಳಿಸುವ ಕಾರ್ಯ ಮಾತ್ರ, ಸತ್ಯ ಹೇಳಬೇಕೆಂದರೆ, ಹಿತವಾಗಿಯೇ ಇದ್ದಿತು. ‘ನಾನು ಅನ್ಯತ್ರ ನಿರೂಪಿಸಿರುವಂತೆ’ ಎಂದಿದ್ದಲ್ಲೆಲ್ಲ ‘ವಿದ್ವಾಂಸರೊಬ್ಬರು ನಿರೂಪಿಸಿರುವಂತೆ’ ಎಂದು ತಿದ್ದತೊಡಗಿದವನು, ‘ವಿದ್ವಾಂಸ’ರ ಹಿಂದೆ ‘ಸೂಕ್ಷ್ಮಮತಿಗಳಾದ’ ಎಂದೂ, ಇನ್ನೊಂದೆಡೆ ‘ಅಕಾರಣವಾಗಿ ಅಲಕ್ಷಿತರಾದ’ ಎಂದೂ ಸೇರಿಸುವ ಸದವಕಾಶವನ್ನು ಬಿಡಲಿಲ್ಲ. ಆತ್ಮಸ್ತುತಿಯನ್ನು ಇಷ್ಟು ನಿರ್ಮಲ ಮನಸ್ಸಿನಿಂದ ನಾನು ಹಿಂದೆಂದೂ ಮಾಡಿರಲಿಲ್ಲ.

ಕುರುಹುಗಳೆಲ್ಲ ಅಳಿದುವೆಂದು ನಿಶ್ಚಿಂತನಾಗಿದ್ದಾಗ ಸಂಪಾದಕರಿಂದ ಪತ್ರ ಬಂದಿತು: ಛತ್ರಿಯನ್ನು ತೆಗೆಯಿರಿ.

ಈ ಛತ್ರಿಯ ವಿಷಯವನ್ನು ಸಾವಧಾನವಾಗಿ ಹೇಳಬೇಕು. ಶಿಲ್ಪದ ಛಾಯಾಚಿತ್ರ ತೆಗೆಯುವಾಗ ಗಾತ್ರ ತಿಳಿಯಲೆಂದು ಬದಿಯಲ್ಲಿ ಕಪ್ಪುಬಿಳುಪು ಪಟ್ಟೆಯ ಅಳತೆಗೋಲನ್ನು ನಿಲ್ಲಿಸುವುದು ಶಾಸ್ತ್ರಸಮ್ಮತವಾದ ಕ್ರಮ. ನನ್ನ ಗೋಲು ಮೊದಲನೆಯ ಪ್ರವಾಸದಲ್ಲಿಯೇ ಬಸ್ಸಿನ ಪಾಲಾದುದರಿಂದ, ಸೋದರಮಾವನಿಂದ ಬಳುವಳಿಯಾಗಿ ಬಂದಿದ್ದ ಬೆತ್ತದ ಹಿಡಿಯ ಛತ್ರಿಯನ್ನು ಆ ಸ್ಥಾನದಲ್ಲಿ ಪ್ರತಿಷ್ಠಾಪಿಸಿದೆ. ಹಿಡಿಯಿಂದ ತುದಿಯ ಹಿತ್ತಾಳೆಯ ಮೊನೆಯವರೆಗೆ ಅದು ಸರಿಯಾಗಿ 36 ಅಂಗುಲ, ಅಂದರೆ ಒಂದು ಗಜ. ಬ್ರಿಟಿಷ್ ಸಾಮ್ರಾಜ್ಯವೇ ಅಸ್ತಂಗತವಾದರೂ ಮಾವನ ಗಜ ಕುಗ್ಗಿರಲಿಲ್ಲ. ಹೀಗಾಗಿ ನನ್ನ ಗ್ರಂಥದಲ್ಲಿ ವೇಣುಗೋಪಾಲನ ಬಲಕ್ಕೆ ಛತ್ರಿ, ಮಹಿಷಮರ್ದಿನಿಯ ಎಡಕ್ಕೆ ಛತ್ರಿ, ಗೋವರ್ಧನಗಿರಿಯನ್ನೆತ್ತಿ ಗೋಕುಲವನ್ನೆಲ್ಲ ಮಳೆಯಿಂದ ಕಾಪಾಡುತ್ತಿರುವ ಕೃಷ್ಣನ ಪಕ್ಕದಲ್ಲಿಯೂ, ಸ್ವಾಮಿಗೆ ಇಷ್ಟು ಶ್ರಮ ಏತಕ್ಕೆಂದು ಕೇಳುವಂತೆ, ಮಡಿಸಿಟ್ಟ ಅದೇ ಛತ್ರಿ. ಗೋಷ್ಠಿಗಳಲ್ಲಿ ನನ್ನ ಮುಖವನ್ನು ಮರೆತವರುಂಟು, ಛತ್ರಿಯನ್ನು ಮರೆತವರಿಲ್ಲ. ಆದಕಾರಣ ಅದು ಗ್ರಂಥಕರ್ತನ ಅಂಕಿತವೇ ಸರಿ ಎಂಬ ಸಂಪಾದಕರ ವಾದವು ಅಭೇದ್ಯವಾಗಿದ್ದಿತು. ಮಲ್ಲಿತಮ್ಮನ ಮಕಾರಕ್ಕೆ ಸಮನಾದ ಅಂಕಿತವೊಂದು ನನಗೂ ಉಂಟಾಯಿತಲ್ಲ ಎಂದು ಒಳಗೊಳಗೇ ಹಿಗ್ಗಿದುದನ್ನು ಮುಚ್ಚಿಡಲಾರೆ.

ಹಿಗ್ಗಿದೆನೆಂದು ಬಿಟ್ಟುಕೊಡಲಾದೀತೆ? ಛತ್ರಿ ಹೋದರೆ ಪ್ರಮಾಣ ಹೋಯಿತು, ಪ್ರಮಾಣ ಹೋದರೆ ನಾಲ್ಕಡಿಯ ವಿಗ್ರಹಕ್ಕೂ ನಾಲ್ಕಂಗುಲದ ವಿಗ್ರಹಕ್ಕೂ ಭೇದವಿಲ್ಲವಾಯಿತು, ಭೇದವಿಲ್ಲವಾದ ಮೇಲೆ ಉಳಿಯುವುದು ವೇದಾಂತವೇ ಹೊರತು ಕಲಾಚರಿತ್ರೆಯಲ್ಲ ಎಂದು ದೀರ್ಘವಾಗಿ ಬರೆದೆ. ಛತ್ರಿಯ ಮೇಲೆ ಕಪ್ಪು ಪಟ್ಟಿಯನ್ನು ಬಳಿಯಬಹುದಲ್ಲ ಎಂದರು. ವೃತ್ತಪತ್ರಿಕೆಗಳಲ್ಲಿ ಆರೋಪಿಗಳ ಕಣ್ಣಿಗೆ ಸಲ್ಲುವ ಆ ಮರ್ಯಾದೆಯನ್ನು ಮಾವನ ಛತ್ರಿಗೆ ಮಾಡಲೊಲ್ಲೆನೆಂದೆ. ಗಣಕಯಂತ್ರದ ಸಹಾಯದಿಂದ ಅದನ್ನು ಹೂವಿನ ಚಿತ್ತಾರದ ಬಣ್ಣದ ಛತ್ರಿಯಾಗಿ ಮಾರ್ಪಡಿಸಬಹುದೆಂದು ಅವರ ಕಚೇರಿಯ ಯುವಕನೊಬ್ಬನು ಸೂಚಿಸಿದನಂತೆ. ಅದಕ್ಕೆ ನಾನು ಉತ್ತರವನ್ನೇ ಕೊಡಲಿಲ್ಲ. ಕಡೆಗೆ ಸಂಧಿಯಾಯಿತು. ಛತ್ರಿ ಉಳಿಯತಕ್ಕದ್ದು, ಅದನ್ನು ಹಿಡಿದಿರುವ ಕೈ ಹೋಗತಕ್ಕದ್ದು.

ಆ ಕೈ ಹಳ್ಳಿಯ ದೇಗುಲವೊಂದರ ಕಾವಲುಗಾರನದು. ಬೀಗದಕೈ ಇದ್ದವನು ಅವನು. ನವರಂಗದ ಕತ್ತಲೆಗೆ ಪೂಜೆಯ ಹರಿವಾಣದಿಂದ ಬಿಸಿಲನ್ನು ತಿರುಗಿಸಿ ಕೊಟ್ಟವನೂ, ನೆರೆಹೊರೆಯ ದೇಗುಲಗಳಿಗೆ ಸ್ವಂತ ಕೆಲಸ ಬಿಟ್ಟು ನನ್ನೊಡನೆ ಬಂದವನೂ ಅವನು. ಕೈಯಾದರೂ ಪುಸ್ತಕದಲ್ಲಿ ಬರುತ್ತದೆಯೆ ಎಂದು ಕೇಳಿದ್ದನು; ಬರುತ್ತದೆಂದು ಹೇಳಿದ್ದೆ. ಕೃತಜ್ಞತೆಯ ಪುಟದಲ್ಲಿ ಹೆಸರು ಹಾಕೋಣವೆಂದರೆ, ಆ ಪುಟವೂ ಲೇಖಕನ ಕುರುಹೆಂದು ಮೊದಲೇ ಹೋಗಿತ್ತು. ಮಲ್ಲಿತಮ್ಮನಿಗೆ ಹೆಸರುಂಟು, ಅವನ ಕಲ್ಲನ್ನು ಗಣಿಯಿಂದ ಎಳೆದು ತಂದವನಿಗೆ ಹೆಸರಿಲ್ಲ ಎಂದು ನಾಲ್ಕನೆಯ ಅಧ್ಯಾಯದಲ್ಲಿ ಬಹಳ ಗಂಭೀರವಾಗಿ ಖೇದಪಟ್ಟವನು ನಾನೇ. ಅದೇ ಅಧ್ಯಾಯದ ಚಿತ್ರಗಳಿಂದ ಆ ಬೆರಳುಗಳನ್ನು ಕತ್ತರಿಸಿ ಕಳುಹಿಸಿದವನೂ ನಾನೇ.

ತಿಂಗಳುಗಳು ಕಳೆದು ವರದಿಗಳು ಬಂದುವು. ಮೊದಲನೆಯ ಪರೀಕ್ಷಕರು ಗ್ರಂಥವನ್ನು ಮುಕ್ತಕಂಠದಿಂದ ಹೊಗಳಿದ್ದರು, ಓದಿದಂತೆ ತೋರಲಿಲ್ಲ. ಎರಡನೆಯವರು ಓದಿದ್ದರು. ಮಲ್ಲಿತಮ್ಮನು ಒಬ್ಬನಲ್ಲ, ಇಬ್ಬರು ಎಂದು ಆರಂಭಿಸಿ, ‘ಅಕಾರಣವಾಗಿ ಅಲಕ್ಷಿತರಾದ’ ವಿದ್ವಾಂಸರನ್ನು ಅಲಕ್ಷಿಸಲು ಸಾಕಷ್ಟು ಕಾರಣಗಳುಂಟೆಂದು ಮುಂದುವರಿದು, ಉಪಸಂಹಾರದಲ್ಲಿ ಅವರು ಎತ್ತಿದ್ದ ಆಕ್ಷೇಪ ಇದು: ನುಗ್ಗಿಹಳ್ಳಿಯ ಚಿತ್ರಗಳಿಂದ ಮುಂದಕ್ಕೆ ಕೊಟ್ಟಿರುವ ಅಳತೆಗಳೊಂದೂ ವಿಶ್ವಾಸಾರ್ಹವಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಛತ್ರಿಯ ಹಿತ್ತಾಳೆಯ ಮೊನೆ ಮುರಿದುಹೋಗಿತ್ತು.

ಎದ್ದುಹೋಗಿ ಅಳೆದೆ. 34 ಅಂಗುಲ, ಮೇಲೆ ಅರ್ಧ.

ಮಳೆಗಾಲದ ಗೋಷ್ಠಿಯೊಂದರ ಸಂಜೆ ನನ್ನ ಮಿತ್ರರು ಅದನ್ನು ಎರವಲು ಕೊಂಡೊಯ್ದುದೂ, ಮರುದಿನ ಮಾತಿಲ್ಲದೆ ಬಾಗಿಲ ಸಂದಿಯಲ್ಲಿ ಒರಗಿಸಿ ಹೋದುದೂ ಆಗ ಜ್ಞಾಪಕಕ್ಕೆ ಬಂದಿತು. ಮೊನೆ ಮುರಿದ ಸಂಗತಿಯನ್ನು ಲೋಕದಲ್ಲಿ ಬಲ್ಲವರು ಇಬ್ಬರೇ ಇರಲು ಸಾಧ್ಯ, ಛತ್ರಿಯ ಒಡೆಯ ಮತ್ತು ಎರವಲು ಒಯ್ದವರು; ಒಡೆಯನಿಗಂತೂ ಅದು ಗೊತ್ತಿರಲಿಲ್ಲ. ಅಳತೆಗಳನ್ನೆಲ್ಲ ತಿದ್ದಿ, ಸಂಪಾದಕರಿಗೆ ವಿನಯಪೂರ್ವಕವಾಗಿ ಬರೆದೆ: ಮಾನ್ಯ ಪರೀಕ್ಷಕರ ಸೂಕ್ಷ್ಮದೃಷ್ಟಿಗೆ ಋಣಿಯಾಗಿದ್ದೇನೆ, ಕಾಣೆಯಾದ ಒಂದೂವರೆ ಅಂಗುಲವು ಅವರ ಬಳಿಯಲ್ಲಿಯೇ ಇದ್ದಲ್ಲಿ ಅದನ್ನು ಸಂಸ್ಥೆಯ ವಿಳಾಸಕ್ಕೆ, ನಿಯಮಾನುಸಾರ ಅನಾಮಧೇಯವಾಗಿ, ಅಂಚೆಯಲ್ಲಿ ಕಳುಹಿಸಬಹುದು.