ಊರಿಗೆ ಬಂದು ಮೇಷ್ಟ್ರಾಗಲಿರುವ ಸಾಫ್ಟ್‌ವೇರ್ ಬಂಧುವಿಗೆ

ಬೆಳ್ಳಂದೂರಿನ ಟ್ರಾಫಿಕ್ಕಿನಲ್ಲಿ ಕಣ್ಣು ಮುಚ್ಚಿ ಈಶ್ವರಮಂಗಲವನ್ನು ಧ್ಯಾನಿಸುತ್ತಿರುವ ಮಹನೀಯರೇ,

ಸುದ್ದಿ ಕೇಳಿ ಊರಿಗೆ ಊರೇ ಪುಳಕಗೊಂಡಿದೆ. ‘ಇದೆಲ್ಲ ಸಾಕು, ಊರಿಗೆ ಹೋಗಿ ಮೇಷ್ಟ್ರಾಗಿ ನೆಮ್ಮದಿಯಲ್ಲಿ ಇದ್ದುಬಿಡ್ತೇನೆ’ ಎಂದಿರಂತೆ. ಆ ‘ಬಿಡ್ತೇನೆ’ಯ ಠೀವಿ ನೋಡಿಯೇ ಈ ಪತ್ರ. ನಾನೂ ಹೀಗೇ ಕೋಡ್ ಬರೆಯುವುದು ಬಿಟ್ಟು ಬಂದವನು. ಈಗ ಕೇರಳದ ಗಡಿ ಹತ್ತಿರದ ಶಾಲೆಯೊಂದರಲ್ಲಿ ಅತಿಥಿ ಶಿಕ್ಷಕ.

ನೆಮ್ಮದಿಯ ಬಾಗಿಲಿಗೆ ಮೊದಲು ಬೀಗ ಉಂಟು. ಬಿ.ಇ. ಆದವರೂ ಶೇ. 55 ಅಂಕ ಇದ್ದರೆ ಬಿ.ಎಡ್. ಸೇರಬಹುದು. ‘ಒಂದು ವರ್ಷದ್ದಲ್ವಾ’ ಎಂದು ನಿಮ್ಮ ಮಾವ ಹೇಳಿದ್ದು ಅವರ ಕಾಲದ ಲೆಕ್ಕ. 2015ರಿಂದ ಎರಡು ವರ್ಷ. ಆಮೇಲೆ ಟಿ.ಇ.ಟಿ., ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆ. 150 ಪ್ರಶ್ನೆಗಳಲ್ಲಿ ಸಾಮಾನ್ಯ ವರ್ಗದವರಿಗೆ 90 ಬಂದರೆ ಪಾಸು. ಪಿಯಾಜೆ ಎಂಬ ಸ್ವಿಸ್ ಮಹಾನುಭಾವ ಹೇಳಿದ ಮಕ್ಕಳ ಬೆಳವಣಿಗೆಯ ಹಂತಗಳನ್ನು ಬಾಯಿಪಾಠ ಮಾಡಬೇಕು. ಬಾಯಿಪಾಠ ಕೆಟ್ಟದ್ದು ಎಂಬುದನ್ನೂ ಬಾಯಿಪಾಠ ಮಾಡಬೇಕು. ಟಿ.ಇ.ಟಿ. ಪ್ರಮಾಣಪತ್ರ ಹಿಂದೆ ಏಳು ವರ್ಷಕ್ಕೆ ಹಳಸುತ್ತಿತ್ತು, 2021ರಿಂದ ಜೀವನಪರ್ಯಂತ ಚಾಲ್ತಿ. ನೇಮಕಾತಿಗೆ ಕಾಯುವವರ ಆಯುಸ್ಸಿನ ಬಗ್ಗೆ ಯಾರಿಗೋ ಒಳ್ಳೆಯ ಅಂದಾಜಿರಬೇಕು.

ಅಲ್ಲಿಯವರೆಗೆ ನೀವು ಅತಿಥಿ. ಮಳೆಯ ಜತೆ ಬಂದು ಬೇಸಗೆ ರಜೆಗೆ ಮೊದಲು ಹೊರಡುವ ಅತಿಥಿ. ಅತಿಥಿಗೆ ಸಂಬಳ ಅನ್ನಬಾರದು, ಗೌರವಧನ. 2025ರ ಬಜೆಟ್ಟಿನಲ್ಲಿ 2,000 ರೂಪಾಯಿ ಏರಿದ ಮೇಲೆ ಪ್ರಾಥಮಿಕ ಶಾಲೆಯಲ್ಲಿ ತಿಂಗಳಿಗೆ 12,000. ಗೌರವ ದಿನಾ ಸಿಗುತ್ತದೆ, ಪೇಟೆಯಲ್ಲಿ ಚಾ ಕುಡಿಯುವಾಗ ಎದ್ದು ನಿಲ್ಲುವವರೂ ಇದ್ದಾರೆ. ಧನ ಮಾತ್ರ ಮೂರ್ನಾಲ್ಕು ತಿಂಗಳದ್ದು ಒಟ್ಟಿಗೆ, ದೂರದ ನೆಂಟರ ಹಾಗೆ ಹೇಳದೆ ಕೇಳದೆ ಬರುತ್ತದೆ.

ಮಳೆಗಾಲದಲ್ಲಿ ಅಲಾರಂ ಬೇಡ. ಬೆಳಿಗ್ಗೆ ಆರಕ್ಕೇ ಫೋನು: ‘ಸಾರ್, ಡಿ.ಸಿ. ರಜೆ ಕೊಟ್ರಾ?’ ಕೊಡದಿದ್ದರೆ ತಪ್ಪು ನನ್ನದು. ಕೊಟ್ಟರೆ ಆ ಕ್ಷಣವೇ ಬಿಸಿಲು, ಅದೂ ನನ್ನದೇ ತಪ್ಪು.

ನಿಮ್ಮ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಅನುಭವ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ ಎಂದಿರಂತೆ. ಬರಲಿ. ಒಂದರಿಂದ ಮೂರರ ಟೀಚರು ತರಬೇತಿಗೆ ಹೋದ ದಿನ ನಲಿ-ಕಲಿ ನನ್ನ ತಲೆಗೆ. 1995ರಲ್ಲಿ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು ಶುರುಮಾಡಿದ ಪದ್ಧತಿ ಅದು: ಮೂರು ತರಗತಿ ಒಂದೇ ಕೋಣೆಯಲ್ಲಿ, ಪ್ರತಿ ಮಗುವೂ ಅದರದ್ದೇ ಮೆಟ್ಟಿಲಲ್ಲಿ, ಅದರದ್ದೇ ಕಾರ್ಡಿನೊಂದಿಗೆ. ನಿಮ್ಮ ಸ್ಕ್ರಮ್ ಬೋರ್ಡು ನೆನಪಾಗಬಹುದು. ಒಂದೇ ವ್ಯತ್ಯಾಸ, ನಿಮ್ಮ ಬೋರ್ಡಿನ ಟಿಕೆಟ್ಟುಗಳು ಮೂತ್ರಕ್ಕೆ ಹೋಗಬೇಕು ಎನ್ನುವುದಿಲ್ಲ. ಅದೂ ತುಳುವಿನಲ್ಲಿ ಒಬ್ಬ, ಮಲಯಾಳದಲ್ಲಿ ಒಬ್ಬಳು, ಬ್ಯಾರಿಯಲ್ಲಿ ಇನ್ನೊಬ್ಬ, ಹವ್ಯಕ ಕನ್ನಡದಲ್ಲಿ ಮತ್ತೊಬ್ಬಳು. ಪುಸ್ತಕದ ಕನ್ನಡ ಮಾತಾಡುವುದು ಕೋಣೆಯಲ್ಲಿ ಗೋಡೆಯ ಚಾರ್ಟು ಮಾತ್ರ.

ಕಾಯಂ ಆದರೆ ಎಲ್ಲ ಸರಿಯಾಗುತ್ತದಲ್ಲ ಅನ್ನುತ್ತೀರಿ. ಹೌದು, ಆಗ ಪಾಠ ಮಾಡುವ ಉಪದ್ರವೂ ಕಡಿಮೆ. 2025ರ ಸೆಪ್ಟೆಂಬರ್ 22ಕ್ಕೆ ಶುರುವಾದ ಜಾತಿ ಸಮೀಕ್ಷೆಯಲ್ಲಿ ರಾಜ್ಯದ ಮೇಷ್ಟ್ರುಗಳು ಮೊಬೈಲು ಹಿಡಿದು ಮನೆ ಮನೆ ಸುತ್ತಿದರು. ಸುತ್ತಿ ಮುಗಿಯದೆ ದಸರೆ ರಜೆಯೇ ಅಕ್ಟೋಬರ್ 18ರವರೆಗೆ ಹಿಗ್ಗಿತು. ನಮ್ಮ ಗುಡ್ಡದ ಬದಿಯಲ್ಲಿ ನೆಟ್‌ವರ್ಕು ಕೇರಳದ್ದೂ ಅಲ್ಲ, ಕರ್ನಾಟಕದ್ದೂ ಅಲ್ಲ. ಹಲಸಿನ ಮರ ಹತ್ತಿ ಒ.ಟಿ.ಪಿ. ಹಿಡಿಯುವುದು ಬಿ.ಎಡ್. ಪಠ್ಯದಲ್ಲಿಲ್ಲ.

ಇಷ್ಟು ಹೇಳಿಯೂ ನೀವು ಬರುತ್ತೀರಿ. ನಾನೂ ಬಂದೆನಲ್ಲ. ಆದ್ದರಿಂದ ಇದೊಂದು ಹೇಳಿಬಿಡುತ್ತೇನೆ.

ಮೊನ್ನೆ ಆರನೆಯ ತರಗತಿಗೆ ಬಲು ಹುರುಪಿನಿಂದ ಸ್ಥಳೀಯ ಲೆಕ್ಕ ಕೊಟ್ಟೆ: ‘ಒಬ್ಬ ಕೃಷಿಕ ಕಿಲೋಗೆ 400 ರೂಪಾಯಿಯಂತೆ 3 ಕ್ವಿಂಟಲ್ ಅಡಿಕೆ ಮಾರಿದರೆ ಒಟ್ಟು ಎಷ್ಟು?’ ಹಿಂದಿನ ಬೆಂಚಿನ ಹುಡುಗ ಪೆನ್ಸಿಲ್ ಕೆಳಗಿಟ್ಟ. ಕೈಯ ಗೆರೆಗಳಲ್ಲಿ ಅಡಿಕೆ ಸಿಪ್ಪೆಯ ಕಪ್ಪು ಕಲೆ.

‘ಹೊಸತಾ, ಹಳತಾ ಸಾರ್?’

‘ಯಾವುದಾದರೂ ಸರಿ, ಗುಣಿಸು.’

‘ಹಾಗಾಗುದಿಲ್ಲ. ಹಳತಿಗೆ ರೇಟು ಹೆಚ್ಚುಂಟು. ಪಟೋರ, ಉಳ್ಳಿಗಡ್ಡೆಯಂಥ ಕೆಳದರ್ಜೆಯದ್ದು ಬೇರೆ ಮಾಡಿದ್ದಾರಾ? ಕೋಕ ಸೇರಿದ್ರೆ ಕ್ಯಾಂಪ್ಕೋದವರು ಈ ರೇಟು ಕೊಡುದಿಲ್ಲ.’

ಎರಡು ವರ್ಷ ಬಿ.ಎಡ್. ಮಾಡಿ, ಟಿ.ಇ.ಟಿ.ಯಲ್ಲಿ 97 ತೆಗೆದ ನಾನು ಚಾಕ್‌ಪೀಸು ಹಿಡಿದು ನಿಂತೆ. ಮರುದಿನ ಅವನು ಕಿಸೆಯಿಂದ ಎರಡು ಅಡಿಕೆ ತೆಗೆದು ಮೇಜಿನ ಮೇಲೆ ಇಟ್ಟ. ಹಳತು ಯಾವುದು ಹೇಳಬೇಕಂತೆ. ಇಡೀ ಕ್ಲಾಸು ಕುತ್ತಿಗೆ ಉದ್ದ ಮಾಡಿತು. ನಾನು ಮೂಸಿದೆ, ಬೆಳಕಿಗೆ ಹಿಡಿದೆ, ಎಡಗಡೆಯದ್ದನ್ನು ತೋರಿಸಿದೆ.

ಅವನು ಎರಡನ್ನೂ ತೆಗೆದು ಕಿಸೆಗೆ ಹಾಕಿಕೊಂಡ. ‘ಪರವಾಗಿಲ್ಲ ಸಾರ್. ನಾಳೆ ಪುನಃ ಕೇಳ್ತೇನೆ.’

ಇತಿ,
ನಿಮ್ಮ ಮಾಜಿ ಸಹೋದ್ಯೋಗಿ